ಬಿಟ್ಟುಬಿಡುವುದೂ ಮುಂದೂಡುವುದೂ

ದೊಡ್ಡಬಳ್ಳಾಪುರದ ನೇಕಾರರ ಮನೆಯೊಂದರಲ್ಲಿ ಒಬ್ಬ ಹುಡುಗಿ ಇದ್ದಾಳೆಂದು ಭಾವಿಸೋಣ. ಹತ್ತನೆಯ ತರಗತಿಯನ್ನು ಮುಗಿಸಿದ ಆಕೆಗೆ ಬೆಂಗಳೂರಿನ ಒಂದು ತರಬೇತಿ ಸಂಸ್ಥೆಯಲ್ಲಿ ಪ್ರವೇಶ ದೊರೆತಿದೆ. ಅಷ್ಟರಲ್ಲಿ ತಂದೆ ಕಾಯಿಲೆ ಬಿದ್ದರು. ಮಗ್ಗ ನಿಂತರೆ ಮನೆ ನಡೆಯುವಂತಿಲ್ಲ. ಹಿರಿಯರೆಲ್ಲರೂ ಕೂಡಿ ಆಲೋಚಿಸಿ, ಈ ವರ್ಷ ಬೇಡ, ಬರುವ ವರ್ಷ ಸೇರಿದರಾಯಿತು ಎಂದು ತೀರ್ಮಾನಿಸಿದರು. ಸಂಸ್ಥೆಗೆ ಇಂಗ್ಲಿಷಿನಲ್ಲಿ ಕಾಗದ ಬರೆಯುವ ಹೊಣೆ ಹುಡುಗಿಯ ಮೇಲೆ ಬಿತ್ತು. 'ಈ ವರ್ಷಕ್ಕೆ ಬಿಟ್ಟಿದ್ದೇನೆ' ಎಂಬ ಕನ್ನಡ ವಾಕ್ಯ ಅವಳ ಮನಸ್ಸಿನಲ್ಲಿ ಸಿದ್ಧವಾಗಿತ್ತು. 'ಬಿಡು' ಎಂಬುದಕ್ಕೆ ನಿಘಂಟಿನಲ್ಲಿ 'ಗಿವ್ ಅಪ್' ಎಂಬ ಅರ್ಥ ಕಂಡಿತು. ಅವಳು ಹಾಗೆಯೇ ಬರೆದಳು: 'ಐ ಹ್ಯಾವ್ ಗಿವನ್ ಅಪ್ ದ ಕೋರ್ಸ್.'

ಈ ವಾಕ್ಯದಲ್ಲಿ ಕಾಗುಣಿತದ ತಪ್ಪಿಲ್ಲ; ವ್ಯಾಕರಣದ ತಪ್ಪೂ ಇಲ್ಲ. ಆದರೆ ಅದನ್ನು ಓದಿದವರು ಏನೆಂದು ತಿಳಿಯುತ್ತಾರೆ? ಈಕೆಗೆ ಈ ಶಿಕ್ಷಣದ ಆಸೆಯೇ ಹೋಗಿದೆ, ಇನ್ನೆಂದಿಗೂ ಸೇರುವುದಿಲ್ಲ ಎಂದು ತಿಳಿಯುತ್ತಾರೆ. ಬರುವ ವರ್ಷಕ್ಕೆ ಅವಳ ಹೆಸರನ್ನು ಉಳಿಸಿಕೊಳ್ಳುವ ಯೋಚನೆಯೇ ಅವರಿಗೆ ಬರುವುದಿಲ್ಲ. ಅವಳು ಬರೆಯಬೇಕಾಗಿದ್ದುದು 'ಪುಟ್ ಆಫ್' ಎಂಬ ಮಾತನ್ನು. ಮೊದಲನೆಯದು ಬಿಟ್ಟುಬಿಡುವುದು; ಎರಡನೆಯದು ಮುಂದೂಡುವುದು. ಇವೆರಡರ ನಡುವೆ ಆ ಹುಡುಗಿಯ ಒಂದು ವರ್ಷವಿದೆ. ಒಂದು ವೇಳೆ ಬಾಳೇ ಇರಬಹುದು.

'ಗಿವ್' ಎಂದರೆ ಕೊಡು, 'ಅಪ್' ಎಂದರೆ ಮೇಲೆ. ಈ ಎರಡನ್ನು ಕೂಡಿಸಿದರೆ 'ತೊರೆದುಬಿಡು' ಎಂಬ ಅರ್ಥ ಹೇಗೆ ಬಂದೀತು? 'ಪುಟ್' ಎಂದರೆ ಇಡು, 'ಆಫ್' ಎಂದರೆ ಆಚೆಗೆ. ಇದರಿಂದ ಮುಂದೂಡುವ ಅರ್ಥವನ್ನು ಊಹಿಸುವುದೂ ಸುಲಭವಲ್ಲ. ಹೀಗೆ ಒಂದು ಚಿಕ್ಕ ಕ್ರಿಯಾಪದವೂ ಒಂದು ಚಿಕ್ಕ ಅವ್ಯಯವೂ ಜೊತೆಗೂಡಿ ಮೂರನೆಯದೊಂದು ಅರ್ಥವನ್ನು ಕೊಡುವ ಜೋಡಿಗಳು ಇಂಗ್ಲಿಷಿನಲ್ಲಿ ಬಹಳ. ಇವನ್ನು 'ಫ್ರೇಸಲ್ ವರ್ಬ್' ಎಂದು ಕರೆಯುತ್ತಾರೆ. ಲೋಗನ್ ಪಿಯರ್ಸಲ್ ಸ್ಮಿತ್ ಎಂಬ ಲೇಖಕರು 1925ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ ಈ ಹೆಸರನ್ನು ಬಳಸಿದರು. ಅದನ್ನು ಸೂಚಿಸಿದವರು ಹೆನ್ರಿ ಬ್ರಾಡ್ಲಿ ಎಂಬ ನಿಘಂಟುಕಾರರೆಂದು ಅವರೇ ಹೇಳಿದ್ದಾರೆ. ಹೆಸರು ಈಚಿನದಾದರೂ ತೊಡಕು ಹಳೆಯದು. 1755ರಲ್ಲಿ ತಮ್ಮ ಪ್ರಸಿದ್ಧ ನಿಘಂಟನ್ನು ಹೊರತಂದ ಡಾಕ್ಟರ್ ಜಾನ್ಸನ್, ಅನ್ಯದೇಶೀಯರಿಗೆ ಇಂಗ್ಲಿಷಿನಲ್ಲಿ ಅತ್ಯಂತ ಕಷ್ಟವಾಗುವುದು ಇಂತಹ ಜೋಡಿಗಳೇ ಎಂದು ಅದರ ಮುನ್ನುಡಿಯಲ್ಲಿ ಒಪ್ಪಿಕೊಂಡಿದ್ದರು. ಆದ್ದರಿಂದ ಇವುಗಳ ಮುಂದೆ ತಡವರಿಸುವ ವಿದ್ಯಾರ್ಥಿ ನಾಚಿಕೊಳ್ಳಬೇಕಾಗಿಲ್ಲ.

ಈಗ ತಕ್ಕಡಿಯ ಇನ್ನೊಂದು ತಟ್ಟೆಯನ್ನು ನೋಡೋಣ. ಒಬ್ಬ ಆಂಗ್ಲೇಯನು ಕನ್ನಡ ಕಲಿಯಲು ಬಂದಿದ್ದಾನೆ. 'ಅಜ್ಜಿ ತಲೆಗೆ ಎಣ್ಣೆ ಹಚ್ಚಿಕೊಂಡಳು' ಎಂಬುದು ಅವನಿಗೆ ಅರ್ಥವಾಯಿತು. ಮರುದಿನ 'ಅಜ್ಜಿ ಮೊಮ್ಮಗನನ್ನು ತುಂಬ ಹಚ್ಚಿಕೊಂಡಿದ್ದಾಳೆ' ಎಂದು ಯಾರೋ ಹೇಳಿದರು. ಅವನು ಬೆರಗಾಗಿ ಕುಳಿತನು. 'ಗೆಳೆಯ ಸಮಯಕ್ಕೆ ಸರಿಯಾಗಿ ಕೈಕೊಟ್ಟ' ಎಂದರೆ ಅವನ ಪಾಡು ಇನ್ನೂ ಕಷ್ಟ. ಅವನ ಭಾಷೆಯಲ್ಲಿ ಕೈ ಕೊಡುವುದೆಂದರೆ ನೆರವಾಗುವುದು. ನಮ್ಮಲ್ಲಿ ಅದು ನಂಬಿಸಿ ಕೈಬಿಡುವುದು! ಇಂಗ್ಲಿಷಿನವರು ಇದಕ್ಕೆ 'ಲೆಟ್ ಡೌನ್' ಎನ್ನುತ್ತಾರೆ. ನಾವು ಹುಟ್ಟಿದಂದಿನಿಂದ ಕೇಳಿದ ಮಾತಾದುದರಿಂದ ನಮ್ಮ ಜೋಡಿಗಳ ವಿಚಿತ್ರ ನಮಗೆ ಕಾಣುವುದಿಲ್ಲ, ಅಷ್ಟೆ.

ಸಂಸ್ಕೃತದ ಉಪಸರ್ಗಗಳನ್ನು ನೀವು ವ್ಯಾಕರಣ ಪಾಠದಲ್ಲಿ ಓದಿರುತ್ತೀರಿ. ಆಹಾರ, ವಿಹಾರ, ಪ್ರಹಾರ, ಸಂಹಾರ, ಪರಿಹಾರ: ಧಾತು ಒಂದೇ, ಮುಂದೆ ಸೇರಿದ ಅಕ್ಷರಗಳಿಂದ ಉಣ್ಣುವುದು ಹೊಡೆಯುವುದಾಗುತ್ತದೆ, ಕೊಲ್ಲುವುದೂ ಆಗುತ್ತದೆ. ಅಲ್ಲಿ ಅರ್ಥವನ್ನು ತಿರುಗಿಸುವ ಚುಕ್ಕಾಣಿ ಪದದ ಮುಂದಿದೆ; ಇಂಗ್ಲಿಷಿನ ಜೋಡಿಗಳಲ್ಲಿ ಅದು ಹಿಂದಿದೆ. ಕನ್ನಡದಲ್ಲಿಯೂ ಬಹುಮಟ್ಟಿಗೆ ಹಿಂದೆಯೇ ಇದೆ ಎಂಬುದನ್ನು ನಾವು ಗಮನಿಸುವುದಿಲ್ಲ. 'ಬರೆ' ಎಂಬ ಒಂದೇ ಕ್ರಿಯಾಪದವನ್ನು ತೆಗೆದುಕೊಳ್ಳಿ. ಬರೆದುಕೊ, ಬರೆದುಕೊಡು, ಬರೆದಿಡು, ಬರೆದುಬಿಡು. ಇಲ್ಲಿ 'ಬಿಡು' ಎಂಬುದಕ್ಕೆ ಬಿಡುವ ಅರ್ಥವಿಲ್ಲ; ಕೆಲಸವನ್ನು ಪೂರ್ತಿ ಮಾಡಿ ಮುಗಿಸು ಎಂಬ ಅರ್ಥವಿದೆ. ಇಂಗ್ಲಿಷಿನ 'ಅಪ್' ಅನೇಕ ಕಡೆ ಮಾಡುವ ಕೆಲಸವೂ ಇದೇ. 'ಈಟ್ ಅಪ್' ಎಂದರೆ ಮೇಲಕ್ಕೆ ತಿನ್ನುವುದಲ್ಲ, ತಿಂದುಬಿಡುವುದು. 'ಡ್ರಿಂಕ್ ಅಪ್' ಎಂದರೆ ಕುಡಿದುಬಿಡುವುದು. 'ಗಿವ್ ಅಪ್' ಎಂದರೆ ಬಿಟ್ಟುಬಿಡುವುದು. ಆ ಹುಡುಗಿ ತನ್ನ ಕನ್ನಡ ವಾಕ್ಯವನ್ನು ಇನ್ನೊಮ್ಮೆ ಆಲಿಸಿದ್ದರೆ, ತಾನು ಹೇಳಬೇಕೆಂದಿರುವುದು 'ಬಿಟ್ಟಿದ್ದೇನೆ' ಎಂದೇ ಹೊರತು 'ಬಿಟ್ಟುಬಿಟ್ಟಿದ್ದೇನೆ' ಎಂದಲ್ಲ ಎಂಬುದು ಅವಳಿಗೇ ಹೊಳೆಯುತ್ತಿತ್ತು.

ಮುಂದೂಡು, ಹಿಂಜರಿ, ಹಿಂದೆಗೆ, ಮೇಲೆತ್ತು ಎಂಬ ಮಾತುಗಳಲ್ಲಿ ದಿಕ್ಕನ್ನು ಹೇಳುವ ಪದ ಮೊದಲು ಬಂದು ಕ್ರಿಯೆ ಅನಂತರ ಬರುತ್ತದೆ. ದಿನವೆಂಬ ವಸ್ತುವನ್ನು ಕೈಯಿಂದ ಮುಂದಕ್ಕೆ ತಳ್ಳುವ ಚಿತ್ರ 'ಮುಂದೂಡು' ಎಂಬುದರಲ್ಲಿದೆ. ಅದನ್ನು ಎತ್ತಿ ಆಚೆಗೆ ಇಡುವ ಚಿತ್ರ 'ಪುಟ್ ಆಫ್' ಎಂಬುದರಲ್ಲಿದೆ. ಇಂತಹ ಚಿತ್ರವನ್ನು ಕಣ್ಣಮುಂದೆ ತಂದುಕೊಂಡರೆ ಎಷ್ಟೋ ಜೋಡಿಗಳು ನೆನಪಿನಲ್ಲಿ ನಿಲ್ಲುತ್ತವೆ. ಆದರೆ ಎಲ್ಲವೂ ಹೀಗೆ ಒಲಿಯುವುದಿಲ್ಲ ಎಂಬ ಎಚ್ಚರಿಕೆಯೂ ಇರಬೇಕು. ದೇವನಹಳ್ಳಿಯ ಬಳಿ 2008ರಲ್ಲಿ ವಿಮಾನ ನಿಲ್ದಾಣ ಆರಂಭವಾದ ಮೇಲೆ ಸುತ್ತಲಿನ ಹಳ್ಳಿಗಳ ಮಕ್ಕಳಿಗೂ 'ಟೇಕ್ ಆಫ್' ಪರಿಚಿತವಾದ ಮಾತು. ವಿಮಾನ ನೆಲವನ್ನು ಬಿಟ್ಟು ಏಳುವುದು 'ಟೇಕ್ ಆಫ್'. ಗುಡಿಯ ಬಾಗಿಲಲ್ಲಿ ಚಪ್ಪಲಿ ಕಳಚುವುದೂ 'ಟೇಕ್ ಆಫ್'. ಕೆಲಸಕ್ಕೆ ಒಂದು ದಿನ ರಜೆ ಹಾಕುವುದೂ ಅದೇ. ಸಂದರ್ಭವೊಂದೇ ಇಲ್ಲಿ ದಾರಿ ತೋರಿಸಬಲ್ಲದು.

ಮನಸ್ಸಿನ ಭಾವಗಳನ್ನು ಹೇಳುವಾಗ ಕಷ್ಟ ಇನ್ನೊಂದು ಬಗೆಯದು. ಕನ್ನಡದಲ್ಲಿ ಭಾವ ನಮ್ಮ ಬಳಿಗೆ ಬರುತ್ತದೆ. 'ನನಗೆ ಕೋಪ ಬಂತು', 'ನನಗೆ ಭಯವಾಯಿತು', 'ನನಗೆ ಬೇಸರವಾಗಿದೆ'. ಇಲ್ಲೆಲ್ಲ 'ನಾನು' ಎಂಬುದು ಚತುರ್ಥೀ ವಿಭಕ್ತಿಯಲ್ಲಿ ನಿಂತು 'ನನಗೆ' ಆಗಿದೆ. ಕರ್ತೃಸ್ಥಾನದಲ್ಲಿ ಕೋಪವಿದೆ, ಭಯವಿದೆ. ಇಂಗ್ಲಿಷಿನಲ್ಲಿ 'ಐ ಯಾಮ್ ಆಂಗ್ರಿ', 'ಐ ಯಾಮ್ ಅಫ್ರೇಡ್' ಎಂದು ಮನುಷ್ಯನೇ ಕರ್ತೃವಾಗುತ್ತಾನೆ. ಕೋಪವನ್ನು ಮನೆಗೆ ಬಂದ ನೆಂಟನಂತೆ ಕಾಣುವ ನಮ್ಮ ಪದ್ಧತಿಯೇ ಚೆಂದವೆಂದು ನನಗೆ ತೋರುತ್ತದೆ. ಬಂದವನು ಹೋಗಲೂ ಬಹುದಲ್ಲವೇ? ಆದರೆ ಒಬ್ಬರ ಭಾಷೆಯನ್ನು ಆಡುವಾಗ ಅವರ ಪದ್ಧತಿಯನ್ನೇ ಅನುಸರಿಸಬೇಕು. ಈ ವ್ಯತ್ಯಾಸವನ್ನು ತಿಳಿಯದೆ, ಪಾಠದಿಂದ ಬೇಸರಗೊಂಡ ವಿದ್ಯಾರ್ಥಿ 'ಐ ಯಾಮ್ ಬೋರಿಂಗ್' ಎಂದುಬಿಡುತ್ತಾನೆ. 'ನನ್ನ ಮಾತು ಕೇಳಿದವರಿಗೆ ಬೇಸರ ಬರುತ್ತದೆ' ಎಂದು ಅದರ ಅರ್ಥ! ಬೇಸರ ಬಂದವನು 'ಬೋರ್ಡ್', ಬೇಸರ ತರುವವನು 'ಬೋರಿಂಗ್'. ಆಸಕ್ತಿಯುಳ್ಳವನು 'ಇಂಟರೆಸ್ಟೆಡ್', ಆಸಕ್ತಿ ಹುಟ್ಟಿಸುವುದು 'ಇಂಟರೆಸ್ಟಿಂಗ್'.

ಭಾವಗಳ ಜೋಡಿಪದಗಳಲ್ಲಿ ಮೇಲು ಕೆಳಗುಗಳ ಆಟ ಬಹಳವಾಗಿದೆ. ದುಃಖದಲ್ಲಿರುವವರಿಗೆ 'ಚಿಯರ್ ಅಪ್' ಎನ್ನುತ್ತಾರೆ, ಕೆರಳಿದವರಿಗೆ 'ಕ್ಯಾಮ್ ಡೌನ್' ಎನ್ನುತ್ತಾರೆ. ಎರಡನೆಯದು ನಮಗೆ ಹೊಸದಲ್ಲ. ನಮ್ಮಲ್ಲಿಯೂ ಕೋಪ ನೆತ್ತಿಗೇರುತ್ತದೆ, ಆಮೇಲೆ ಇಳಿಯುತ್ತದೆ. ಆದರೆ ಸಂತೋಷಕ್ಕೆ ಕನ್ನಡವು ಮೇಲಕ್ಕೆ ನೋಡುವುದಕ್ಕಿಂತ ಗಿಡದ ಕಡೆಗೆ ನೋಡುವುದೇ ಹೆಚ್ಚು: ಮನಸ್ಸು ಅರಳುತ್ತದೆ, ಮುಖ ಬಾಡುತ್ತದೆ. ತುಮಕೂರಿನ ದಾರಿಯೂ ಹಾಸನದ ದಾರಿಯೂ ಕವಲೊಡೆಯುವ ನೆಲಮಂಗಲದಲ್ಲಿ ಲಾರಿಯೊಂದು ಕೆಟ್ಟು ನಿಂತರೆ ಅದು 'ಬ್ರೇಕ್ ಡೌನ್'. ಸಾವಿನ ಸುದ್ದಿ ಕೇಳಿ ಮನುಷ್ಯ ತಡೆಯಲಾರದೆ ಅತ್ತರೂ ಇಂಗ್ಲಿಷಿನಲ್ಲಿ ಅದೇ 'ಬ್ರೇಕ್ ಡೌನ್'. ಲಾರಿಯ ಮಾತನ್ನು ಮನುಷ್ಯನಿಗೆ ಹಚ್ಚಿದರಲ್ಲಾ ಎಂದು ಆಶ್ಚರ್ಯಪಡಬೇಡಿ. ದುಃಖದ ಕಟ್ಟೆಯೊಡೆಯಿತು ಎಂದು ಕೆರೆಯ ಮಾತನ್ನು ನಾವೂ ಹಚ್ಚಿದ್ದೇವೆ.

ನಿರ್ಧಾರಗಳ ವಿಷಯ ಇಷ್ಟು ತೊಡಕಿನದಲ್ಲ. 'ಡಿಸೈಡ್' ಎಂಬ ಪದದ ಲ್ಯಾಟಿನ್ ಮೂಲಕ್ಕೆ ಕತ್ತರಿಸಿ ಬೇರೆ ಮಾಡು ಎಂಬ ಅರ್ಥವಿದೆ. ಕಡ್ಡಿ ಮುರಿದಂತೆ ಹೇಳುವವರು ನಮ್ಮಲ್ಲಿಯೂ ಇದ್ದಾರೆ. ಕೂಡಲೇ ಮುರಿಯದೆ ಆಲೋಚಿಸುವುದು 'ಥಿಂಕ್ ಓವರ್', ಮನಸ್ಸು ಮಾಡುವುದು 'ಮೇಕ್ ಅಪ್ ಒನ್ಸ್ ಮೈಂಡ್', ಕೊಟ್ಟ ಮಾತಿನಿಂದ ಹಿಂದೆಗೆಯುವುದು 'ಬ್ಯಾಕ್ ಔಟ್', ಇತರರ ಒತ್ತಾಯಕ್ಕೆ ಮಣಿಯುವುದು 'ಗಿವ್ ಇನ್'. ಈ ಕೊನೆಯದನ್ನು 'ಗಿವ್ ಅಪ್' ಜೊತೆಗೆ ಬೆರೆಸಬಾರದು. ಮಣಿದವನ ಎದುರಿಗೆ ಇನ್ನೊಬ್ಬನಿರುತ್ತಾನೆ. ಬಿಟ್ಟುಬಿಟ್ಟವನು ಒಬ್ಬನೇ ಇರಬಹುದು.

ಇವನ್ನು ಪಟ್ಟಿ ಮಾಡಿ ಉರುಹೊಡೆದರೆ ಪರೀಕ್ಷೆಯ ಮರುದಿನಕ್ಕೆ ಮರೆತುಹೋಗುತ್ತವೆ. ಟಿಪ್ಪಣಿ ಪುಸ್ತಕದಲ್ಲಿ ಪದದ ಎದುರಿಗೆ ಅರ್ಥವನ್ನಷ್ಟೇ ಬರೆಯದೆ, ನಿಮ್ಮ ಮನೆಯಲ್ಲಿ, ಊರಿನಲ್ಲಿ ನಿಜವಾಗಿ ನಡೆದ ಒಂದು ಸಂಗತಿಯನ್ನು ಆ ಪದ ಬರುವಂತೆ ಒಂದೇ ವಾಕ್ಯದಲ್ಲಿ ಬರೆಯಿರಿ. ಮಳೆ ಬಂದು ಮುಂದೂಡಿದ ಜಾತ್ರೆಯ ಆಟ, ನಿಮ್ಮ ಅಣ್ಣ ಬಿಟ್ಟುಬಿಟ್ಟ ದುರಭ್ಯಾಸ, ಇಂತಹವು. ವಿದ್ಯಾರ್ಥಿಗಳಿಗಾಗಿ ರಚಿಸಿದ ಇಂಗ್ಲಿಷ್ ನಿಘಂಟನ್ನು ನೋಡುವ ಅಭ್ಯಾಸವೂ ಬೇಕು. ಅಂತಹ ನಿಘಂಟುಗಳಲ್ಲಿ ಹೆಸರಾದುದನ್ನು ರಚಿಸಿದ ಎ. ಎಸ್. ಹಾರ್ನ್‌ಬಿಯವರು ಇಂಗ್ಲೆಂಡಿನಲ್ಲಿ ಕುಳಿತು ಆ ಕೆಲಸ ಮಾಡಲಿಲ್ಲ. ಅವರು ಜಪಾನಿನಲ್ಲಿ ಉಪಾಧ್ಯಾಯರಾಗಿದ್ದರು. ಪರಭಾಷೆಯ ಮಕ್ಕಳು ಎಲ್ಲಿ ಎಡವುತ್ತಾರೆಂಬುದನ್ನು ದಿನವೂ ಕಂಡು ತಿಳಿದವರು. 1942ರಲ್ಲಿ ಟೋಕಿಯೋ ನಗರದಲ್ಲಿ ಅಚ್ಚಾದ ಆ ನಿಘಂಟು 1948ರಲ್ಲಿ ಆಕ್ಸ್‌ಫರ್ಡಿನಿಂದ ಪ್ರಕಟವಾಯಿತು. ಈಚಿನ ಇಂತಹ ನಿಘಂಟುಗಳಲ್ಲಿ 'ಗಿವ್' ಎಂಬ ಪದವನ್ನು ತೆಗೆದರೆ, ಅದರ ವಿವರಣೆಯ ಕೊನೆಯಲ್ಲಿ ಅದರ ಜೋಡಿಗಳೆಲ್ಲ ಉದಾಹರಣೆಗಳೊಡನೆ ಸಾಲಾಗಿ ದೊರೆಯುತ್ತವೆ. ಕನ್ನಡದ ಅರ್ಥವನ್ನು ನೋಡಿದ ಮೇಲೆ ಅಲ್ಲಿಯೂ ಒಮ್ಮೆ ನೋಡುವುದರಲ್ಲಿ ಎರಡು ನಿಮಿಷ ಹೋದೀತು.

ಈಗ ಆ ಕಾಗದಕ್ಕೆ ಹಿಂದಿರುಗೋಣ. ಅದನ್ನು ಅಂಚೆಗೆ ಹಾಕುವ ಮೊದಲು ಹುಡುಗಿ ಅದನ್ನು ತನ್ನ ಉಪಾಧ್ಯಾಯಿನಿಗೆ ತೋರಿಸಿದಳೆನ್ನಿ. 'ಏನಮ್ಮಾ, ಓದುವ ಆಸೆಯನ್ನೇ ಬಿಟ್ಟುಬಿಟ್ಟೆಯಾ?' ಎಂದು ಅವರು ಕೇಳಿದರು. 'ಇಲ್ಲ ಮೇಡಂ, ಈ ವರ್ಷ ಮಾತ್ರ' ಎಂದಳು ಹುಡುಗಿ. 'ಹಾಗಾದರೆ ಅದನ್ನೇ ಬರೆ' ಎಂದರು. ಅವಳು ಹೊಸ ಹಾಳೆ ತೆಗೆದುಕೊಂಡು ಬರೆದಳು: 'ಐ ಹ್ಯಾವ್ ನಾಟ್ ಗಿವನ್ ಅಪ್ ದ ಕೋರ್ಸ್. ಐ ಹ್ಯಾವ್ ಓನ್ಲಿ ಪುಟ್ ಇಟ್ ಆಫ್ ಟಿಲ್ ನೆಕ್ಸ್ಟ್ ಇಯರ್.' ಮೊದಲು ಅವಳು 'ಪುಟ್ ಆಫ್ ಇಟ್' ಎಂದು ಬರೆದಿದ್ದಳು. 'ಇಟ್' ಎಂಬ ಸರ್ವನಾಮ ಈ ಜೋಡಿಯ ನಡುವೆ ಬರಬೇಕೆಂದು ಉಪಾಧ್ಯಾಯಿನಿ ತಿದ್ದಿದರು. ಕೊನೆಯ ಸಾಲನ್ನು ಯಾರೂ ತಿದ್ದಲಿಲ್ಲ: 'ಐ ಲುಕ್ ಫಾರ್ವರ್ಡ್ ಟು ಜಾಯ್ನಿಂಗ್.' ಸೇರುವ ದಿನವನ್ನು ಎದುರುನೋಡುತ್ತಿದ್ದೇನೆ ಎಂದು ಅದರ ಅರ್ಥ. ಮಡಿಸಿದ ಕಾಗದವನ್ನು ಲಕೋಟೆಯಲ್ಲಿಟ್ಟು, ಸಂಜೆಯ ಪಾಳಿಗೆ ಮಗ್ಗ ಹೂಡುವ ಹೊತ್ತಾಯಿತೆಂದು ಅವಳು ಮನೆಗೆ ಓಡಿದಳು.