ಉಡುಗೊರೆಯಾಗಿ ಬಂದ ಹಳೆಯ ಕೈಗಡಿಯಾರ: ಮಾಡಬೇಕಾದ್ದು, ಮಾಡಬಾರದ್ದು

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಮನೆಗಳಲ್ಲಿ ಅಜ್ಜನಿಂದಲೋ ಮಾವನಿಂದಲೋ ಕೀ ಕೊಡುವ ಹಳೇ ವಾಚು ಉಡುಗೊರೆಯಾಗಿ ಪಡೆದವರಿಗೆ ಈ ಸೂಚನೆ. ಬೆಲೆ ಕೇಳುವ ಮುಂಚೆ ವಾಚು ಯಾವುದೆಂದು ಗುರುತು ಹಿಡಿಯಬೇಕು. ಗುರುತು ಸಿಗುವವರೆಗೆ ಅದನ್ನು ಉಜ್ಜಬಾರದು.

ಮಾಡಬೇಕಾದ್ದು

ಕೊಟ್ಟವರನ್ನೇ ಮೊದಲು ವಿಚಾರಿಸಿ. ಹಿರಿಯರ ಹತ್ತಿರ ಬೆಲೆ ಕೇಳುವುದು ಸಭ್ಯತೆಯಲ್ಲ. ಯಾವ ವರ್ಷ ಕೊಂಡಿದ್ದು, ಮದುವೆಗೆ ಬಂದದ್ದೋ ನಿವೃತ್ತಿಗೆ ಕೊಟ್ಟದ್ದೋ ಎಂದು ಕೇಳಬಹುದು. ‘ಅಜ್ಜಾ, ಇದರ ಡಯಲ್ ಯಾವಾಗಾದ್ರೂ ಬದಲಾಯಿಸಿದ್ರಾ?’ ಎಂಬ ಪ್ರಶ್ನೆ ಮರೆಯಬೇಡಿ. ಟ್ರಂಕಿನಲ್ಲಿ ಹಳೇ ಡಬ್ಬಿ, ರಸೀದಿ, ಗ್ಯಾರಂಟಿ ಕಾರ್ಡು ಇದ್ದರೆ ಹುಡುಕಿಸಿ ಇಟ್ಟುಕೊಳ್ಳಿ. ಕೇಳಿದ್ದನ್ನು ಅಂದೇ ಬರೆದಿಡಿ.

ಡಯಲ್ ನಿಧಾನವಾಗಿ ಓದಿ. ನಮ್ಮ ಕಡೆ ಇಂಥ ವಾಚು ಎಚ್‌ಎಂಟಿಯದೇ ಆಗಿರುವ ಸಂಭವ ಹೆಚ್ಚು. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಎಚ್‌ಎಂಟಿಯ ಬೆಂಗಳೂರಿನ ಕಾರ್ಖಾನೆ ವಾಚು ಮಾಡತೊಡಗಿದ್ದು 1961ರಲ್ಲಿ. ಮೊದಲ ಕಂತನ್ನು ಬಿಡುಗಡೆ ಮಾಡಿದವರು ಪ್ರಧಾನಿ ನೆಹರು. ಆಮೇಲೆ ತುಮಕೂರಿನಲ್ಲೂ ಕಾರ್ಖಾನೆಯಾಯಿತು. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ವಾಚು ವಿಭಾಗ ಮುಚ್ಚಲು ಒಪ್ಪಿಗೆ ಕೊಟ್ಟಿತು. ಡಯಲ್ ಮೇಲೆ ಎಚ್‌ಎಂಟಿಯ ಜೊತೆ ಸಿಟಿಜನ್ ಹೆಸರೂ ಇದ್ದರೆ ಅದು ಆರಂಭದ ಕಾಲದ್ದು. ಸಂಗ್ರಾಹಕರು ಹುಡುಕುವುದು ಇಂಥದ್ದನ್ನು. ಎಚ್‌ಎಂಟಿಯ ಜನತಾ, ಪೈಲಟ್ ಮಾದರಿಗಳದು 17 ಜ್ಯುವೆಲ್‌ನ, ಕೀ ಕೊಡುವ ಮಷಿನು. ಕಾಂಚನ ಮಾದರಿ ಆಟೊಮ್ಯಾಟಿಕ್; ಮೆಲ್ಲಗೆ ಅಲುಗಿಸಿದರೆ ಒಳಗೆ ಭಾರದ ತುಂಡೊಂದು ತಿರುಗುವುದು ಕೇಳುತ್ತದೆ. ಒಂದು ಕಾಲದಲ್ಲಿ ಮದುವೆ ಗಂಡುಗಳು ಇದನ್ನೇ ಬೇಕೆಂದು ಹಟ ಹಿಡಿಯುತ್ತಿದ್ದರು, ಕಾಳಸಂತೆಯಲ್ಲೂ ಮಾರಾಟವಾಗುತ್ತಿತ್ತು. ಆ ಹೆಸರಿನ ಬಲದಿಂದ ಇಂದಿಗೂ ಅದಕ್ಕೆ ಬೇಡಿಕೆಯಿದೆ.

ಹಿಂಬದಿಯನ್ನೂ ಓದಿ. ‘ಸ್ಟೇನ್‌ಲೆಸ್ ಸ್ಟೀಲ್ ಬ್ಯಾಕ್’ ಎಂದಿದ್ದರೆ ಹಿಂದಿನ ಮುಚ್ಚಳವಷ್ಟೇ ಸ್ಟೀಲು, ಉಳಿದದ್ದು ಸಾಮಾನ್ಯವಾಗಿ ಲೇಪ ಹಾಕಿದ ಲೋಹ. ನುರಿತ ರಿಪೇರಿಯವರಿಂದ ನಿಮ್ಮೆದುರೇ ಮುಚ್ಚಳ ತೆಗೆಸಿ, ಮಷಿನಿನ ಮೇಲಿನ ಹೆಸರು, ಅಂಕಿ ನೋಡಿ ಫೋಟೊ ತೆಗೆದುಕೊಳ್ಳಿ. ಡಯಲ್ ಒಂದು ಕಂಪನಿಯದು, ಮಷಿನು ಇನ್ನೊಂದರದು ಆಗಿದ್ದರೆ ಅನುಮಾನಿಸಿ. ಸ್ವಿಸ್ ಕಂಪನಿಗಳಲ್ಲಿ ಬೇರೆಯವರ ಮಷಿನು ಕೂರಿಸುವ ರೂಢಿಯಿತ್ತು, ಅದು ಮೋಸವಲ್ಲ. ಆದರೆ ಕೀ ಕೊಡುವ ಎಚ್‌ಎಂಟಿ ವಾಚಿನ ಡಯಲ್‌ ಹಿಂದೆ ಸಿಟಿಜನ್ ಬಿಟ್ಟು ಬೇರೆ ಪರದೇಶದ ಮಷಿನು ಇದ್ದರೆ ಯಾರೋ ಜೋಡಿಸಿದ್ದಿರಬಹುದು. ಫಾವ್ರ್-ಲೂಬಾ, ವೆಸ್ಟ್ ಎಂಡ್ ಹೆಸರಿನ ಸ್ವಿಸ್ ವಾಚುಗಳಿಗೆ ಈ ಪರೀಕ್ಷೆ ಇನ್ನೂ ಅಗತ್ಯ, ಏಕೆಂದರೆ ಅವುಗಳಲ್ಲಿ ಡಯಲ್‌ಗೆ ಹೊಸದಾಗಿ ಬಣ್ಣ ಬಳಿದವು ತೀರಾ ಹೆಚ್ಚು. ಅಕ್ಷರ ದಪ್ಪವಾಗಿ ಹರಡಿದೆಯೇ, ನಿಮಿಷದ ಗೆರೆಗಳು ಅಂಕಿಗಳಿಗೆ ಸರಿಯಾಗಿ ಕೂತಿವೆಯೇ ಎಂದು ಭೂತಗನ್ನಡಿಯಲ್ಲಿ ನೋಡಿ. ಅರವತ್ತು ವರ್ಷದ ವಾಚಿನ ಮುಖ ಕಿತ್ತಳೆಯಂತೆ ಹೊಳೆಯುತ್ತಿದ್ದರೆ ಖುಷಿಪಡಬೇಡಿ.

ಬೆಲೆ ತಿಳಿಯಲು ಈಚೆಗೆ ನಿಜವಾಗಿ ಮಾರಾಟವಾದ, ಅದೇ ಮಾದರಿಯ, ಅದೇ ಸ್ಥಿತಿಯ ವಾಚುಗಳನ್ನು ನೋಡಿ. ಮಾರುವವರು ಹೇಳುವ ಬೆಲೆಗೂ ಕೊಂಡವರು ಕೊಟ್ಟದ್ದಕ್ಕೂ ದೂರ ಬಹಳ. ಸಾಮಾನ್ಯ ಜನತಾ ವಾಚಿಗೆ ಲಕ್ಷ ಬರುವುದಿಲ್ಲ. ಚೆನ್ನಾಗಿದ್ದರೂ ಅದು ಸಾವಿರಗಳ ಲೆಕ್ಕವೇ.

ಮಳೆಗಾಲದಲ್ಲಿ ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ, ಚಪ್ಪಲಿ ಡಬ್ಬಿಯೊಳಗೆ ಬರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಆಗುಂಬೆ, ಹುಲಿಕಲ್‌ ಕಡೆಯ ಥಂಡಿಗೆ ಬಟ್ಟೆಯೇ ಬೂಷ್ಟು ಹಿಡಿಯುತ್ತದೆ, ಡಯಲ್ ಬಿಡುತ್ತದೆಯೇ? ಬ್ಯಾಟರಿ ವಾಚಾದರೆ ಸತ್ತ ಸೆಲ್ ಇಂದೇ ತೆಗೆಸಿ.

ಮಾಡಬಾರದ್ದು

ಡಯಲ್‌ಗೆ ಮರುಬಣ್ಣ ಬಳಿಸಬೇಡಿ. ಕಲೆ ಬಿದ್ದ ಮೂಲ ಡಯಲ್‌ಗೆ ಇರುವ ಮರ್ಯಾದೆ ಫಳಫಳಿಸುವ ಹೊಸ ಬಣ್ಣಕ್ಕಿಲ್ಲ. ಗಾಜು ಗೀಚಿದ್ದರೆ ಚಿಂತೆಯಿಲ್ಲ, ಹಳೇ ಪ್ಲಾಸ್ಟಿಕ್ ಗಾಜು ಬದಲಿಸಿದರೆ ನಷ್ಟವಾಗುವುದಿಲ್ಲ. ಬೇರೆ ಯಾವ ಭಾಗ ಬದಲಿಸಿದರೂ ಹಳೆಯದನ್ನು ವಾಪಸು ಕೇಳಿ ಪಡೆಯಿರಿ.

ಚಿನ್ನದ ಬಣ್ಣದ ವಾಚನ್ನು ಅಕ್ಕಸಾಲಿಗರ ಒರೆಗಲ್ಲಿಗೆ ಕೊಡಬೇಡಿ. ಎಚ್‌ಎಂಟಿಯ ಸೋನಾ, ಕಾಂಚನ ಮಾದರಿಗಳ ಮೈಮೇಲಿರುವುದು ತೆಳ್ಳನೆಯ ಲೇಪ. ತೂಕ ಹಾಕಿ ಬೆಲೆ ಕಟ್ಟುವವರ ಹತ್ತಿರ ಹೋಗುವುದೂ ವ್ಯರ್ಥ.

ಹಿಂಬದಿಯಲ್ಲಿ ಕೆತ್ತಿದ ಹೆಸರು, ತಾರೀಕು ಇದ್ದರೆ ಉಜ್ಜಿಸಿ ಅಳಿಸಬೇಡಿ. ಸಂಗ್ರಾಹಕರು ಎರಡು ಕಾಸು ಕಡಿಮೆ ಹೇಳಿದರೆ ಹೇಳಲಿ. ಮನೆಗೆ ಅದೇ ದಾಖಲೆ.

ಚಾಕುವಿನ ತುದಿಯಿಂದ ಮುಚ್ಚಳ ಮೀಟಬೇಡಿ. ವರ್ಷಗಟ್ಟಲೆ ನಿಂತ ವಾಚಿಗೆ ಕೀ ಕೊಟ್ಟು ದಿನವೂ ಓಡಿಸಬೇಡಿ, ಒಣಗಿದ ಎಣ್ಣೆಯಲ್ಲಿ ಓಡಿದಷ್ಟೂ ಒಳಗಿನ ಮೊನೆಗಳು ಸವೆಯುತ್ತವೆ. ಮೊದಲು ಸರ್ವಿಸ್ ಮಾಡಿಸಿ. ಆಮೇಲೂ ಕೀ ಬಿಗಿಯಾದಲ್ಲಿ ಕೈ ನಿಲ್ಲಿಸಿ. ತಾರೀಕು ತೋರಿಸುವ ವಾಚಿನಲ್ಲಿ ರಾತ್ರಿ ಒಂಬತ್ತರಿಂದ ಬೆಳಗಿನ ಜಾವ ಮೂರರವರೆಗೆ ತಾರೀಕು ತಿರುಗಿಸಬೇಡಿ. ಆ ಹೊತ್ತಿಗೆ ಅದರ ಹಲ್ಲುಚಕ್ರ ಸಿಕ್ಕಿಕೊಂಡಿರುತ್ತದೆ.

ಒಳಗೆ ಆವಿ ಕಟ್ಟಿದರೆ ಅಡಿಕೆಯಂತೆ ಅಂಗಳದ ಬಿಸಿಲಿಗೆ ಹರವಬೇಡಿ, ಒಲೆಯ ಮೇಲಿನ ಅಟ್ಟದಲ್ಲೂ ಇಡಬೇಡಿ. ‘ವಾಟರ್‌ಪ್ರೂಫ್’ ಎಂಬ ಬರಹ ನಂಬಿ ಮಳೆಗೆ ಕಟ್ಟಿಕೊಂಡು ಹೋಗಬೇಡಿ. ಒಳಗಿನ ರಬ್ಬರ್ ಎಂದೋ ಗಟ್ಟಿಯಾಗಿರುತ್ತದೆ.

ಇದೊಂದು ಆರೋಗ್ಯದ ಮಾತು. 1960ರ ದಶಕದವರೆಗಿನ ವಿದೇಶಿ ವಾಚುಗಳ ಮುಳ್ಳು, ಅಂಕಿಗಳಿಗೆ ಕತ್ತಲಲ್ಲಿ ಬೆಳಗುವ ರೇಡಿಯಂ ಬಳಿದಿರಬಹುದು. ಬೆಳಕು ಸತ್ತಿದ್ದರೂ ವಿಕಿರಣ ಸತ್ತಿಲ್ಲ. ರೇಡಿಯಂ ಅರ್ಧಕ್ಕಿಳಿಯಲು ಸುಮಾರು 1,600 ವರ್ಷ ಬೇಕು. ಅದನ್ನು ಕೆರೆಯಬೇಡಿ, ಮಕ್ಕಳ ಕೈಗೆ ಕೊಡಬೇಡಿ, ಮನೆಯಲ್ಲಿ ಬಿಚ್ಚಲೇಬೇಡಿ.

ಮಾರುವುದೇ ಆದರೆ ಕೊಟ್ಟವರಿಗೆ ಮೊದಲು ತಿಳಿಸಿ. ರಿಪೇರಿಗೆ ಬಿಡುವಾಗ ವಾಚಿನ ಹೆಸರು, ಹಿಂಬದಿಯ ಅಂಕಿ ಬರೆದ ಚೀಟಿ ಪಡೆಯದೆ ಅಂಗಡಿಯ ಮೆಟ್ಟಿಲಿಳಿಯಬೇಡಿ.