ಕಂಕಣ ಯಾರ ಕೈಗೆ?

ಹುಡುಗರೇ, ಮೊನ್ನೆ ಮೆರವಣಿಗೆಯಲ್ಲಿ ನಿಮ್ಮನ್ನು ನೋಡಿದೆ. ಹಣೆಗೆ ಕುಂಕುಮ, ಮುಂಗೈಗೆ ಕೆಂಪು ದಾರ, ಹೆಗಲ ಮೇಲೆ ಬಾವುಟ. ಒಂದು ತಿರುವಿನಲ್ಲಿ ಬೇಕೆಂದೇ ನಿಂತು ಡಿಜೆ ಸದ್ದು ಏರಿಸಿದಿರಿ. ಆ ಸಾಲಿನ ಮನೆಗಳ ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಂಡವು. ನೀವು ಕೇಕೆ ಹಾಕಿದಿರಿ. ನನಗೆ ಆ ದಾರ ನೋಡಿ ಸಂಕಟವಾಯಿತು.

ನಮ್ಮ ಊರಲ್ಲಿ ಜಾತ್ರೆಗೆ ಕಂಕಣ ಕಟ್ಟಿಸಿಕೊಂಡವರು ಅದನ್ನು ಬಿಚ್ಚುವ ತನಕ ಗಡಿ ದಾಟುತ್ತಿರಲಿಲ್ಲ. ಒಪ್ಪತ್ತು ಊಟ, ಚಾಪೆಯ ಮೇಲೆ ನಿದ್ದೆ, ಬಾಯಲ್ಲಿ ಕೆಟ್ಟ ಮಾತು ಬರಕೂಡದು. ಅಜ್ಜ ಕಂಕಣ ಕಟ್ಟಿಸಿಕೊಂಡ ವರ್ಷ ನಮಗೆ ಮಕ್ಕಳಿಗೆ ಎರಡೆರಡು ಹಬ್ಬ. ಬೈಗುಳವೇ ಇರುತ್ತಿರಲಿಲ್ಲ ನೋಡಿ! ಕಂಕಣಬದ್ಧ ಎಂಬ ಮಾತು ಈಗ ಭಾಷಣಕಾರರ ಬಾಯಲ್ಲಿ ಸವೆದು ಹೋಗಿದೆ. ಬದ್ಧ ಎಂದರೆ ತಾನೇ ಕಟ್ಟಿಗೆ ಒಳಗಾದವನು.

ಇದೇ ದಾರ ಒಮ್ಮೆ ಕಾಡು ಉಳಿಸಿತ್ತು. 1977ರಲ್ಲಿ ಗಢವಾಲದ ಆದ್ವಾಣಿಯಲ್ಲಿ ಮರಗಳು ಹರಾಜಾದಾಗ, ಚಿಪ್ಕೊ ಚಳವಳಿಯ ಹೆಂಗಸರು ಕಾಡಿಗೆ ಹೋಗಿ ಒಂದೊಂದು ಮರಕ್ಕೂ ರಕ್ಷೆ ಕಟ್ಟಿದರು. ಮರದ ನೆರಳಲ್ಲೇ ಭಾಗವತ ಪಾರಾಯಣ ಇಟ್ಟುಕೊಂಡರು. ತಿಳಿಹೇಳಲು ಬಂದ ಅರಣ್ಯಾಧಿಕಾರಿಗೆ ಹಾಡುಹಗಲೇ ಲಾಟೀನು ಹಚ್ಚಿ ತೋರಿಸಿದರು. ನಿಮಗೆ ಕಾಣುತ್ತಿಲ್ಲವಲ್ಲ, ಬೆಳಕು ತಂದಿದ್ದೇವೆ ಎಂಬ ಅರ್ಥ. ಬಯ್ಯದೆ ಬಿಸಿ ಮುಟ್ಟಿಸುವುದು ಹೀಗೆ. ಮುಂದೆ ನಿಂತವರಲ್ಲಿ ಬಚ್ನಿ ದೇವಿ ಒಬ್ಬರು. ಮರ ಕಡಿಯುವ ಗುತ್ತಿಗೆ ಹಿಡಿದಿದ್ದವರು ಆಕೆಯ ಗಂಡನೇ! ಆಮೇಲೆ ಬಂದೂಕು ಹಿಡಿದ ಪೊಲೀಸರು ಬಂದಾಗಲೂ ಹೆಂಗಸರು ಮರ ಬಿಟ್ಟು ಕದಲಲಿಲ್ಲ. ಪೊಲೀಸರೇ ಹಿಂದಿರುಗಿದರು.

ರಾಖಿ ಕಟ್ಟುವವಳು ‘ನನ್ನನ್ನು ಕಾಪಾಡು’ ಎಂದು ಕೇಳುವುದು ವಾಡಿಕೆ. ಮರ ಯಾರನ್ನು ಕಾಪಾಡೀತು? ದಾರ ಮರಕ್ಕೆ ಬಿತ್ತು, ಹೊಣೆ ಕಟ್ಟಿದವಳ ಮೇಲೆ ಬಿತ್ತು. 1983ರ ಸೆಪ್ಟೆಂಬರಿನಲ್ಲಿ ಶಿರಸಿ ಸೀಮೆಯ ಸಾಲ್ಕಣಿಯ ಜನ ಕಳಸೆ ಕಾಡಿಗೆ ನಡೆದು ಮರ ಅಪ್ಪಿಕೊಂಡದ್ದೂ ಇದೇ ದಾರಿಯಲ್ಲಿ. ಅದು ನಮ್ಮ ಅಪ್ಪಿಕೋ. ನಿಮ್ಮಲ್ಲಿ ಎಷ್ಟು ಜನಕ್ಕೆ ಅದರ ಹೆಸರು ಗೊತ್ತೋ ಕಾಣೆ.

ಈಗ ಆ ದಾರ ಕಟ್ಟಿದ ಕೈಯಲ್ಲೇ ಮೊಬೈಲು ಹಿಡಿದು, ಸುಳ್ಳೋ ನಿಜವೋ ನೋಡದೆ ಇನ್ನೊಬ್ಬರ ಮೇಲೆ ಕೆಂಡ ಕಾರುವ ವಿಡಿಯೊ ದಾಟಿಸುತ್ತೀರಿ. ದಾರ ಕೈಯಲ್ಲಿದ್ದಷ್ಟು ದಿನ ಅದೊಂದನ್ನು ಬಿಡಿ, ಸಾಕು. ಮೆರವಣಿಗೆ ಬೇಡ ಎನ್ನುವವನಲ್ಲ ನಾನು. ಅನ್ಯಾಯ ಕಂಡರೆ ಬೀದಿಗೆ ಇಳಿಯಿರಿ, ಭಜನೆ ಹಾಡುತ್ತಲೇ ಇಳಿಯಿರಿ. ಕಿಟಕಿ ಮುಚ್ಚಿಕೊಳ್ಳುವ ಮನೆ ಬಂದಾಗ ಮಾತ್ರ ನಿಲ್ಲದೆ ಮುಂದೆ ನಡೆಯಿರಿ.

ಮೌನವಾಗಿ ಕೂತರೆ ಎಲ್ಲವೂ ಅಹಿಂಸೆಯಾಯಿತು ಎಂದೂ ತಿಳಿಯಬೇಡಿ. 1939ರಲ್ಲಿ ರಾಜಕೋಟೆಯಲ್ಲಿ ಗಾಂಧೀಜಿ ಉಪವಾಸ ಕೂತರು, ಜೊತೆಗೆ ವೈಸ್‌ರಾಯ್ ಮಧ್ಯೆ ಬರಬೇಕೆಂದೂ ಕೇಳಿದರು. ತೀರ್ಪು ಅವರ ಪರವಾಗಿಯೇ ಬಂತು. ಆದರೂ ಕೆಲವು ವಾರಗಳಲ್ಲಿ, ನನ್ನ ಉಪವಾಸದಲ್ಲಿ ಬಲವಂತ ಬೆರೆತಿತ್ತು ಎಂದು ಒಪ್ಪಿಕೊಂಡು ಆ ಗೆಲುವನ್ನೇ ಬಿಟ್ಟುಕೊಟ್ಟರು. ಗೆದ್ದದ್ದನ್ನು ಹಿಂದಿರುಗಿಸಿದ ಚಳವಳಿ ಈಚೆಗೆ ಎಲ್ಲಾದರೂ ಕಂಡಿದ್ದೀರಾ? ನಾನಂತೂ ಕಂಡಿಲ್ಲ.

ನಾನೇನು ಮಹಾ ನಿಯಮಸ್ಥನಲ್ಲ. ಕಾಲೇಜಿನಲ್ಲಿ ಹಾಸ್ಟೆಲ್ ಶುಲ್ಕ ಇಳಿಸಬೇಕೆಂದು ಮೂರು ದಿನ ಉಪವಾಸ ಕೂತಿದ್ದೆ. ಎರಡನೆಯ ರಾತ್ರಿ ಹಿತ್ತಿಲಲ್ಲಿ ಕದ್ದು ಎರಡು ಬಾಳೆಹಣ್ಣು ತಿಂದೆ. ಮರುದಿನ ನಿಂಬೆ ಪಾನಕ ಕುಡಿಸಿ ಹಾರ ಹಾಕಿದರು, ಹಾಕಿಸಿಕೊಂಡೆ. ರಜೆಗೆ ಊರಿಗೆ ಹೋದಾಗ ನಗುತ್ತಾ ಅಜ್ಜಿಗೆ ಹೇಳಿದೆ. ಅಜ್ಜಿ ನಗಲಿಲ್ಲ, ಬೈಯಲೂ ಇಲ್ಲ. ನನಗೆ ಬಡಿಸಿದಳು. ಆ ದಿನ ಅವಳು ಊಟ ಮಾಡಲಿಲ್ಲ.