ಬಾಡಿಗೆಯೋ, ದಾರಿಯೋ?

ತೂಬಗೆರೆಯಂಥ ಊರಿನಲ್ಲೂ ಇಂದು ಶಾಲೆಯಿಂದ ಬಂದ ಹುಡುಗ ಮೊಬೈಲಿನಲ್ಲಿ ಬಸ್ಸು ಓಡಿಸುತ್ತಾನೆ. 2017ರಲ್ಲಿ ಬಂದ 'ಬಸ್ ಸಿಮ್ಯುಲೇಟರ್ ಇಂಡೋನೇಷ್ಯಾ' ಎಂಬ ಆಟದ ಬಸ್ಸಿಗೆ ನಮ್ಮ ಹುಡುಗರು ಕೆ.ಎಸ್.ಆರ್.ಟಿ.ಸಿ. ಬಣ್ಣ ಬಳಿದುಕೊಂಡಿದ್ದಾರೆ. ಕೆಲಸವನ್ನೇ ಆಟ ಮಾಡಿಕೊಂಡರೆ ಸಿಗುವುದೇನು ಎಂದು ನೀವು ಕೇಳಬಹುದು. ಬೈಯುವ ಮುನ್ನ ಪಕ್ಕದಲ್ಲಿ ಕುಳಿತು ನೋಡಿ.

ಈ ಬಗೆಯ ಆಟಗಳಲ್ಲಿ ಹೆಸರಾದದ್ದು 'ಯುರೋ ಟ್ರಕ್ ಸಿಮ್ಯುಲೇಟರ್ 2'. ಪ್ರಾಗ್ ನಗರದ ಎಸ್‌ಸಿಎಸ್ ಸಾಫ್ಟ್‌ವೇರ್ ಸಂಸ್ಥೆ 2012ರಲ್ಲಿ ಇದನ್ನು ಕಂಪ್ಯೂಟರಿಗಾಗಿ ತಂದಿತು. ಮೊದಲು ಪರರ ಲಾರಿ. ಡೀಸೆಲ್ ಅವರದು, ಕೂಲಿ ನಿಮ್ಮದು. ಸ್ವಂತ ಲಾರಿಗೆ ಬ್ಯಾಂಕಿನ ಸಾಲ. ಅಲ್ಲಿಂದ ಡೀಸೆಲ್, ರಿಪೇರಿ, ಕಂತು ಎಲ್ಲವೂ ನಿಮ್ಮ ತಲೆಯ ಮೇಲೆ. ಸರಕು ಜಖಂ ಆದರೆ, ತಡವಾದರೆ ಬಾಡಿಗೆಯಲ್ಲಿ ಕಡಿತ. ಕೆಂಪು ದೀಪ ದಾಟಿದರೆ ದಂಡ. ಬೇಗ ಮುಟ್ಟಿಸಿ ಗಳಿಸಲು ಹೊರಟವನು ದಂಡ ಕಟ್ಟಿಯೇ ಲಾಭ ಕಳೆದುಕೊಳ್ಳುತ್ತಾನೆ. ಲಾರಿ ಇಟ್ಟವರ ಮನೆಯ ಮಕ್ಕಳಿಗೆ ಇದು ಹೊಸ ಪಾಠವೇನಲ್ಲ.

ತೊಡಕು ಶುರುವಾಗುವುದು ಹಣ ಕೂಡಿದ ಮೇಲೆ. ಆಟಗಾರ ಗ್ಯಾರೇಜು ಕೊಂಡು ಡ್ರೈವರುಗಳನ್ನು ನೇಮಿಸುತ್ತಾನೆ. ಅವರು ದುಡಿದು ತರುತ್ತಾರೆ. ಇವನು ಹಣಕ್ಕಾಗಿ ಸ್ಟೇರಿಂಗ್ ಹಿಡಿಯಬೇಕಾದ ಅಗತ್ಯವೇ ಉಳಿಯುವುದಿಲ್ಲ. ಕಿಲೋಮೀಟರಿಗೆ ಹೆಚ್ಚು ಕೊಡುವ ಲೋಡನ್ನೇ ಆರಿಸಿ, ಅದೇ ಹೆದ್ದಾರಿಯಲ್ಲಿ ಓಡಾಡಿ, ಬೇಸತ್ತು ಬಿಡುವವರೂ ಇದ್ದಾರೆ. ಬಾಡಿಗೆ ಕಡಿಮೆಯಾದರೂ ಆಲ್ಪ್ಸ್ ಬೆಟ್ಟದ ದಾರಿ ಹಿಡಿದವನಿಗೆ ಮಳೆಯೂ ಮುಂಜಾವೂ ಸಿಗುತ್ತವೆ.

ಹಾಗೆಂದು ಲಾಭವೇ ಬೇಡವೆಂದರೆ ಆಟ ಸಪ್ಪೆ. ಈ ಆಟದಲ್ಲಿ ದಂಡವನ್ನೂ ಚಾಲಕನ ಆಯಾಸವನ್ನೂ ಬೇಕೆಂದರೆ ತೆಗೆದುಹಾಕಬಹುದು. ತೆಗೆದರೆ ಮೊದಲ ಲಾರಿ ಕೊಂಡ ಸಂತೋಷವೂ ಹಗುರಾಗುತ್ತದೆ. ಹಲಸಿಗೆ ಹೆಸರಾದ ತೂಬಗೆರೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಬೆಲೆ ಸಿಗದಿದ್ದರೆ ಮರ ಉಳಿಯದು, ಮನೆಯವರು ಒಂದು ತೊಳೆಯನ್ನೂ ಬಾಯಿಗಿಡದೆ ಎಲ್ಲವನ್ನೂ ಮಾರಿದರೆ ಹಿತ್ತಲಲ್ಲಿ ಮರವಿದ್ದೂ ಏನು ಬಂತು?

ಒಂದು ಎಚ್ಚರಿಕೆ. ಮೊಬೈಲಿನ ಇಂಥ ಹಲವು ಆಟಗಳಲ್ಲಿ ಜಾಹೀರಾತು ನೋಡಿದರೆ, ಇಲ್ಲವೇ ನಿಜವಾದ ರೂಪಾಯಿ ತೆತ್ತರೆ, ಆಟದ ಹಣ ಸಿಗುತ್ತದೆ. ಅಲ್ಲಿ ಲಾಭ ಹುಡುಗನದಲ್ಲ, ಆಟ ಮಾರುವವರದು. ಹಣ ಕಳಿಸುವ ಆ್ಯಪಿನ ಗುಟ್ಟಿನ ಸಂಖ್ಯೆ ಮಕ್ಕಳಿಗೆ ತಿಳಿಯದಿರಲಿ.

ಈ ವಾರ ಮಗನನ್ನೋ ಮಗಳನ್ನೋ ಕೇಳಿ: "ಈ ಟ್ರಿಪ್ಪು ಯಾಕೆ ಆರಿಸಿದೆ? ದುಡ್ಡಿಗೋ, ದಾರಿಗೋ?" ಯಾವ ಉತ್ತರ ಬಂದರೂ ಸರಿ. ಡೀಸೆಲ್, ದಂಡ, ಕಂತು ಕಳೆದು ಉಳಿದದ್ದೆಷ್ಟು ಎಂದು ಹಳೆಯ ನೋಟುಬುಕ್ಕಿನಲ್ಲಿ ಬರೆಯಿಸಿ. ಆಮೇಲೆ ಒಂದು ಟ್ರಿಪ್ಪು ನೀವೇ ಓಡಿಸಿ. ದಾರಿಯನ್ನು ಮಕ್ಕಳೇ ಹೇಳಲಿ.